ಪರ-ವಿರೋಧ: ಬೆಳಕಿನ ನಿಯಮಕ್ಕೆ ಸ್ನೆಲ್ ಹೆಸರು ಸರಿಯೇ?

ಪರ: ಅಳೆದವನ ಹೆಸರೇ ಇರಲಿ

ನಾನು ಸರ್ವೆ ಇಲಾಖೆಯಿಂದ ನಿವೃತ್ತನಾದವನು. ಬೆಳಕು ಗಾಳಿಯಿಂದ ನೀರಿಗೋ ಗಾಜಿಗೋ ಹೋಗುವಾಗ ಎಷ್ಟು ಬಾಗುತ್ತದೆ ಎಂದು ಹೇಳುವ ನಿಯಮಕ್ಕೆ ವಿಲ್ಲೆಬ್ರಾರ್ಡ್ ಸ್ನೆಲ್‌ನ ಹೆಸರಿದೆ. ನನಗೆ ಆತ ಮೊದಲು ಅಳತೆಯ ಮನುಷ್ಯ, ಬೆಳಕೆಲ್ಲ ಆಮೇಲೆ. ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ. ಅಪ್ಪ ಕಲಿಸುತ್ತಿದ್ದ ಗಣಿತವನ್ನೇ 1613ರಿಂದ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಲಿಸತೊಡಗಿದ. ಪಾಠ ಹೇಳಿಕೊಂಡು ಸುಮ್ನೆ ಇರಬಹುದಿತ್ತು. ಈತ ಚರ್ಚ್ ಗೋಪುರಗಳಿಗೆ ಗುರಿಯಿಟ್ಟು ಕೋನ ಅಳೆಯುತ್ತಾ, ಅದೇ ದೇಶದ ಆಲ್ಕ್‌ಮಾರ್ ಊರಿನಿಂದ ಬರ್ಗನ್ ಆಪ್ ಜೂಮ್ ಊರಿನವರೆಗೆ ತ್ರಿಕೋನಗಳ ಸರಪಳಿಯನ್ನೇ ಕಟ್ಟಿದ. ಅದರಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿ 1617ರಲ್ಲಿ ಪುಸ್ತಕ ತಂದ. ಸುಮಾರು ಮೂರೂವರೆ ಪರ್ಸೆಂಟ್ ಕಮ್ಮಿ ಬಂತು, ಅಷ್ಟೆ. 1800ರಲ್ಲಿ ಬ್ರಿಟಿಷ್ ಸೇನೆಯ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಬೇಸ್‌ಲೈನ್, ಅಂದರೆ ತ್ರಿಕೋನಕ್ಕೆ ಆಧಾರವಾಗುವ ಮೊದಲ ಗೆರೆ, ಅಳೆದು ಮೈಸೂರು ಸೀಮೆಯ ಸರ್ವೆಗೆ ಇಳಿದದ್ದೂ ಇದೇ ದಾರಿ ಹಿಡಿದು.

ಒಮ್ಮೆ ನನಗೆ ಕೆರೆಯಾಚೆಯ ಬಾಂದು ಕಲ್ಲಿನ ದೂರ ಬೇಕಿತ್ತು. ಕೆರೆ ತುಂಬಿತ್ತು, ಚೈನ್ ಹಾಕುವಂತಿರಲಿಲ್ಲ. ಈಚೆ ದಡದಲ್ಲಿ ಒಂದು ಗೆರೆ ಅಳೆದೆ. ಅದರ ಎರಡೂ ತುದಿಯಲ್ಲಿ ಕೋನ ಅಳೆಯುವ ಥಿಯೋಡಲೈಟ್ ನಿಲ್ಲಿಸಿ ಕಲ್ಲಿನತ್ತ ತಿರುಗಿಸಿ ಕೋನ ಬರೆದುಕೊಂಡೆ. ಒಂದು ಗೆರೆ, ಎರಡು ಕೋನ ಗೊತ್ತಾದರೆ ದೂರ ಲೆಕ್ಕದಲ್ಲೇ ಸಿಗುತ್ತದೆ. ಜಮೀನಿನ ಯಜಮಾನರು ನಂಬಲೇ ಇಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಚೈನ್ ಹಾಕಿಸಿಯೇ ಬಿಟ್ಟರು. ಒಂದು ಗೇಣೂ ವ್ಯತ್ಯಾಸ ಬರಲಿಲ್ಲ. ಯಜಮಾನರು ಎಳನೀರು ಕೊಡಿಸಿದರು!

ಇಂಥ ಕೈ 1621ರಲ್ಲಿ ಬೆಳಕಿನ ಬಾಗುವಿಕೆಗೂ ಲೆಕ್ಕ ಹಾಕಿತು. ಬಾಗ್ದಾದಿನವರು ಮೊದಲೇ ಬರೆದಿದ್ದರಂತೆ. ಹಾಗೆ ಕೆದಕುತ್ತಾ ಹೋದರೆ ಬೆಂಕಿ ಕಂಡುಹಿಡಿದವನ ಆಧಾರ್ ಕಾರ್ಡನ್ನೂ ಕೇಳಬೇಕಾದೀತು.

ವಿರೋಧ: ಅಚ್ಚು ಹಾಕಿಸಲಿಲ್ಲವಲ್ಲ?

ವಿರೋಧ ಬರೆಯಲು ಹೇಳಿದ್ದಾರೆ, ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ವರ್ಷವರ್ಷವೂ ‘ಸ್ನೆಲ್ ನಿಯಮ’ ಎಂದೇ ಪಾಠ ಮಾಡುವ ನನಗೆ ಇದು ಸ್ವಲ್ಪ ಮುಜುಗರದ ಕೆಲಸ.

ಕೆರೆ, ಎಳನೀರು ಎಲ್ಲ ಚೆನ್ನಾಗಿದೆ. ಆದರೆ ಕೇಳಿದ್ದು ಬೆಳಕಿನ ಬಗ್ಗೆ ಅಲ್ವಾ? ಬಾಗ್ದಾದಿನ ಇಬ್ನ್ ಸಹ್ಲ್ 984ರಲ್ಲೇ ಮಸೂರಗಳ ಬಗ್ಗೆ ಬರೆಯುತ್ತಾ ಇದೇ ನಿಯಮವನ್ನು ಚಿತ್ರದಲ್ಲಿ ತೋರಿಸಿದ್ದ. ಇಂಗ್ಲೆಂಡಿನ ಗಣಿತಜ್ಞ ಹ್ಯಾರಿಯಟ್‌ಗೂ ಸ್ನೆಲ್‌ಗಿಂತ ಮುಂಚೆಯೇ ಗೊತ್ತಿತ್ತು. ಅವನೂ ಅಚ್ಚು ಹಾಕಿಸಲಿಲ್ಲ. ಸ್ನೆಲ್ 1626ರಲ್ಲಿ ತೀರಿಕೊಂಡ, ನಿಯಮ ಹಸ್ತಪ್ರತಿಯಲ್ಲೇ ಉಳಿಯಿತು. 1637ರಲ್ಲಿ ಅಚ್ಚಿಗೆ ತಂದವನು ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್. ಫ್ರಾನ್ಸಿನಲ್ಲಿ ಇವತ್ತಿಗೂ ಅವನ ಹೆಸರು ಬಿಟ್ಟಿಲ್ಲ.

ಅಪ್ಪನ ಪಾಠದ ಕೋಣೆಯೇ ಸಿಕ್ಕ ಪ್ರೊಫೆಸರನಿಗೆ ಒಂದು ಪುಟ ಅಚ್ಚು ಹಾಕಿಸುವುದು ಕಷ್ಟವಾಗಿತ್ತೇ? ಇಬ್ನ್ ಸಹ್ಲ್ ಹೆಸರಿಡೋಣ ಎನ್ನುತ್ತೇನೆ. ಉತ್ತರ ಪತ್ರಿಕೆಯಲ್ಲಿ ಹಾಗೆ ಬರೆದವರಿಗೆ ಮಾರ್ಕ್ಸ್ ಕೊಡುವ ಅಧಿಕಾರ ಮಾತ್ರ ನನಗಿಲ್ಲ.