ಬಾಸ್ಟನ್‌ನ ಅಂಗಡಿಗಾರ್ತಿಯರು: ಒಂದು ಸ್ಪಷ್ಟನೆ

'18ನೇ ಶತಮಾನದ ಅಮೆರಿಕದಲ್ಲಿ ಹೆಂಗಸರು ಅಂಗಡಿ ಇಡುವಂತಿರಲಿಲ್ಲ, ಎಲಿಜಬೆತ್ ಮರ್ರೆ ಒಬ್ಬರೇ ಕಾನೂನು ಮುರಿದು ಇಟ್ಟರು' ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ತಪ್ಪು.

ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದ ಮರ್ರೆ 1749ರಲ್ಲಿ ಬಾಸ್ಟನ್‌ನಲ್ಲಿ ಬಟ್ಟೆಬರೆ ಅಂಗಡಿ ತೆರೆದದ್ದು ನಿಜ. ಆದರೆ ಆ ಊರಲ್ಲಿ ಬೇರೆ ಹೆಂಗಸರೂ ಅಂಗಡಿ ನಡೆಸುತ್ತಿದ್ದರು. ಮದುವೆಯಾಗದವರಿಗೆ, ವಿಧವೆಯರಿಗೆ ಕಾನೂನಿನ ಅಡ್ಡಿ ಇರಲಿಲ್ಲ. ತೊಡಕು ಇದ್ದದ್ದು ಮದುವೆಯಾದವರಿಗೆ, ಯಾಕಂದ್ರೆ ಹೆಂಡತಿಯ ದುಡ್ಡು, ವ್ಯವಹಾರ ಎಲ್ಲ ಗಂಡನ ಕೈಗೆ ಹೋಗುತ್ತಿತ್ತು. ಅದಕ್ಕೇ ಮರ್ರೆ 1760ರಲ್ಲಿ ಎರಡನೇ ಮದುವೆಗೆ ಮುಂಚೆ, ತನ್ನ ಆಸ್ತಿ ತನ್ನ ಹಿಡಿತದಲ್ಲೇ ಇರಬೇಕು ಅಂತ ಕರಾರು ಬರೆಸಿಕೊಂಡರು. ಜಾಣೆ!

ಫಾರ್ವರ್ಡ್‌ನಲ್ಲಿ ಬಿಟ್ಟುಹೋಗಿರೋದೇ ನನಗೆ ಜಾಸ್ತಿ ಇಷ್ಟವಾದ ಭಾಗ. ಅಪ್ಪ ಅಮ್ಮ ಇಲ್ಲದ ಏಮಿ ಮತ್ತು ಎಲಿಜಬೆತ್ ಕಮಿಂಗ್ ಅನ್ನೋ ಅಕ್ಕತಂಗಿಯರಿಗೆ ಅಂಗಡಿ ಹಾಕಿಕೊಳ್ಳಲು ಈಕೆ ನೆರವಾದರು. 1769ರಲ್ಲಿ, ಬ್ರಿಟಿಷ್ ಸರಕು ತರಿಸಬಾರದು ಅನ್ನೋ ಬಹಿಷ್ಕಾರದ ಕಾಲದಲ್ಲಿ, ಅವರು ಸರಕಿನ ಪೆಟ್ಟಿಗೆ ಬಿಚ್ಚುತ್ತಿರುವಾಗಲೇ ವರ್ತಕರ ಸಮಿತಿಯವರು ಬಾಗಿಲಿಗೆ ಬಂದು ನಿಂತರು. 'ನಮ್ಮದು ಪುಟ್ಟ ವ್ಯಾಪಾರ, ಹೊಟ್ಟೆಪಾಡು' ಅಂತ ಇವರ ವಾದ. ಕೇಳಿದವರಿಲ್ಲ, ಪತ್ರಿಕೆಯಲ್ಲಿ ಹೆಸರು ಹಾಕಿಬಿಟ್ಟರು. ಅವರ ಮೇಲಿನ ಸಿಟ್ಟು ಹೆಂಗಸರು ಅಂತಲ್ಲ, ಬ್ರಿಟಿಷ್ ಮಾಲು ಮಾರಿದರು ಅಂತ.