ಹಳೆ ನೆಲದ ಮೇಲೆ ಅಂಟಿಸುವ ಮುಂಚೆ ತಟ್ಟಿ ನೋಡಿ

ಅಡುಗೆಮನೆಯ ಹಳೆ ನೆಲ ಒಡೆಯದೆ ಅದರ ಮೇಲೇ ಹೊಸ ಟೈಲ್ಸ್ ಅಂಟಿಸಿದರೆ ಖರ್ಚು, ಧೂಳು ಎರಡೂ ಕಡಿಮೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, ಆದರೆ ಕೆಳಗಿನ ನೆಲ ಗಟ್ಟಿಯಾಗಿದ್ದರೆ ಮಾತ್ರ. ಒಂದು ನಾಣ್ಯ ಹಿಡಿದು ಒಂದೊಂದೇ ಟೈಲ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಟೈಲ್ ಕೆಳಗಿನ ಗಾರೆಯಿಂದ ಬಿಟ್ಟುಕೊಂಡಿದೆ ಅಂತ ಅರ್ಥ. ಅಲ್ಲೊಂದು ಇಲ್ಲೊಂದಾದರೆ ಅಷ್ಟನ್ನೇ ಕಿತ್ತು ತುಂಬಿಸಬಹುದು. ಜಾಸ್ತಿ ಇದ್ದರೆ ಪೂರ್ತಿ ಒಡೆಯುವುದೇ ವಾಸಿ.

ಎತ್ತರದ ಲೆಕ್ಕವನ್ನು ತುಂಬಾ ಜನ ಮರೆಯುತ್ತಾರೆ. ಟೈಲ್, ಅಂಟು ಸೇರಿ ನೆಲ ಸುಮಾರು 12ರಿಂದ 15 ಮಿಲಿಮೀಟರ್ ಮೇಲೇರುತ್ತದೆ. ಬಾಗಿಲು ಉಜ್ಜುತ್ತದೆ, ಹೊಸ್ತಿಲ ಹತ್ತಿರ ಕಾಲು ಎಡವುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ವೇ ಅಲ್ಲ. ನೀರು ಹೋಗುವ ಜಾಲರಿಯನ್ನೂ ಹೊಸ ಮಟ್ಟಕ್ಕೆ ಹೊಂದಿಸಬೇಕು.

ಇನ್ನೊಂದು ಮಾತನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ. 1980ರ ದಶಕಕ್ಕೂ ಹಿಂದಿನ ವಿನೈಲ್ ಟೈಲ್ಸ್‌ನಲ್ಲಿ, ಅದರ ಕೆಳಗಿನ ಕಪ್ಪು ಅಂಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ. ಅದನ್ನು ಮುಟ್ಟದೆ ಸುಮ್ನೆ ಬಿಟ್ಟರೆ ಅಪಾಯ ಕಡಿಮೆ. ಕೆರೆದರೆ, ಮಶೀನ್ ಹಾಕಿ ಉಜ್ಜಿದರೆ ಅದರ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋಗುತ್ತವೆ. ಪರೀಕ್ಷೆ ಮಾಡಿಸದೆ ಕೈ ಹಾಕಬೇಡಿ.

ಟೈಲ್ ಆರಿಸುವಾಗ ಬಣ್ಣಕ್ಕಿಂತ ಮೊದಲು ಮೇಲ್ಮೈ ನೋಡಿ. ಹೊಳಪಿನದ್ದು ನೀರು, ಎಣ್ಣೆ ಬಿದ್ದರೆ ಜಾರುತ್ತದೆ, ಮ್ಯಾಟ್ ಒಳ್ಳೆಯದು. ಟೈಲ್‌ಗಳ ನಡುವಿನ ಸಂದಿಗಳಿಗೆ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರಾಳದಿಂದ ಮಾಡಿದ ಸಂದಿ ತುಂಬುವ ಮಿಶ್ರಣ) ಹಾಕಿಸಿ. ಬೆಲೆ ಜಾಸ್ತಿ, ಆದರೆ ಎಣ್ಣೆ, ಅರಿಶಿನದ ಕಲೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.