ಹಳಿ ಅವರದಲ್ಲ, ರೈಲು ಅವರದಲ್ಲ, ಟೆಂಡರ್ ಮಾತ್ರ ಅವರದು

ಜಗತ್ತಿಗೆ ರೈಲು ಕೊಟ್ಟ ದೇಶ ಬ್ರಿಟನ್. ಓಡುತ್ತಿರುವ ರೈಲನ್ನು ಹರಾಜಿಗೆ ಇಡೋದು ಹೇಗೆ ಅಂತಲೂ ಅವರೇ ತೋರಿಸಿಕೊಟ್ಟರು. 1993ರಲ್ಲಿ ಜಾನ್ ಮೇಜರ್ ಸರ್ಕಾರ ಕಾನೂನು ತಂದು ಸರ್ಕಾರಿ ರೈಲನ್ನು ಪಾಲು ಮಾಡಿತು. ಹಳಿ, ಸಿಗ್ನಲ್ ಒಬ್ಬರ ಪಾಲಿಗೆ. ಎಂಜಿನ್ನು, ಬೋಗಿ ಬಾಡಿಗೆಗೆ ಬಿಡುವ ಕಂಪನಿಗಳ ಪಾಲಿಗೆ. ಉಳಿದದ್ದು ಓಡಿಸುವ ಹಕ್ಕು. ಅದಕ್ಕೆ ಫ್ರಾಂಚೈಸಿ ಅಂತ ಹೆಸರು. ಇಷ್ಟು ವರ್ಷ ಈ ಮಾರ್ಗ ನಿಮ್ಮದು, ಬನ್ನಿ, ಕೂಗಿ!

ಕೂಗಿ ಗೆದ್ದವರು ಏನು ತರುತ್ತಿದ್ದರು ಅಂತ ಕೇಳಬೇಡಿ. ಹಳಿ ಅವರದಲ್ಲ. ರೈಲು ಬಾಡಿಗೆಯದು. ಡ್ರೈವರು, ಗಾರ್ಡು ಎಲ್ಲ ಹಳೇ ಕಂಪನಿಯವರೇ, ಕಾನೂನಿನ ಪ್ರಕಾರ ಕೆಲಸದ ಸಮೇತ ಇವರ ಕೈಗೆ ಬರುತ್ತಿದ್ದರು. ಹೊಸದು ಅಂತ ಕಣ್ಣಿಗೆ ಕಾಣ್ತಿದ್ದದ್ದು ಬಣ್ಣ. ನಿನ್ನೆ ಕಡು ನೀಲಿ ಇದ್ದ ಬೋಗಿ ನಾಳೆ ಕೆಂಪು. ಅದೇ ಸೀಟು, ಅದೇ ಬಾಗಿಲು. ಕಾಫಿ ಲೋಟದ ಮೇಲೆ ಮಾತ್ರ ಹೊಸ ಹೆಸರು.

ನಮ್ಮ ಕಡೆ ಕೆರೆ ಮೀನಿನ ಹರಾಜಿನಲ್ಲೂ ಕೂಗಿದವನು ಒಂದಿಷ್ಟು ದುಡ್ಡನ್ನು ಅಲ್ಲೇ ಎಣಿಸಿ ಎದ್ದೇಳಬೇಕು. ಬ್ರಿಟನ್ನಿನ ಹರಾಜಿನಲ್ಲಿ ದೊಡ್ಡ ಕಂತುಗಳೆಲ್ಲ ಕೊನೆಯ ವರ್ಷಗಳಿಗೆ. ಅಷ್ಟರಲ್ಲಿ ಪ್ರಯಾಣಿಕರು ಜಾಸ್ತಿಯಾಗ್ತಾರೆ, ದೇಶ ಉದ್ಧಾರ ಆಗುತ್ತೆ, ದುಡ್ಡು ತಾನಾಗಿ ಬರುತ್ತೆ ಅನ್ನೋ ಲೆಕ್ಕ. ಕಾಗದದ ಮೇಲೆ ಯಾರ ದೇಶ ಹೆಚ್ಚು ಉದ್ಧಾರ ಆಗುತ್ತೋ ಅವರಿಗೆ ರೈಲು.

ಲಂಡನ್‌ನಿಂದ ಎಡಿನ್‌ಬರೋಗೆ ಹೋಗುವ ಈಸ್ಟ್ ಕೋಸ್ಟ್ ಮಾರ್ಗವನ್ನೇ ನೋಡಿ. 2005ರಲ್ಲಿ ಜಿಎನ್‌ಇಆರ್ ಅನ್ನೋ ಕಂಪನಿ 10 ವರ್ಷಕ್ಕೆ 130 ಕೋಟಿ ಪೌಂಡ್ ಕೊಡ್ತೀನಿ ಅಂತ ಗೆದ್ದಿತು. ಮರುವರ್ಷವೇ ಕೈ ಎತ್ತಿತು. ಇದನ್ನು ನೋಡಿದ ಮೇಲೆ ಮುಂದಿನವರು ಹುಷಾರಾಗಿ ಕಡಿಮೆ ಕೂಗಬೇಕಿತ್ತು, ಅಲ್ವಾ? ನ್ಯಾಷನಲ್ ಎಕ್ಸ್‌ಪ್ರೆಸ್ ಅನ್ನೋ ಕಂಪನಿ 140 ಕೋಟಿ ಅಂತು! ಎರಡು ವರ್ಷ ತುಂಬುವ ಮೊದಲೇ, 2009ರಲ್ಲಿ, ಅದೂ ಜಾಗ ಖಾಲಿ ಮಾಡಿತು. ವಿಧಿಯಿಲ್ಲದೆ ಸರ್ಕಾರವೇ ಓಡಿಸಿತು. ಆ ಸರ್ಕಾರಿ ಕಂಪನಿ ಐದು ವರ್ಷ ಚಿಲ್ಲರೆಯಲ್ಲಿ ಗಲಾಟೆ ಇಲ್ಲದೆ ಸುಮಾರು 100 ಕೋಟಿ ಪೌಂಡ್ ಖಜಾನೆಗೆ ಕಟ್ಟಿತು. ಇದು ಯಾರಿಗೂ ಹಿಡಿಸಲಿಲ್ಲ. ಚೆನ್ನಾಗಿ ನಡೀತಿದೆ, ತಕ್ಷಣ ಹರಾಜು ಹಾಕಿ ಅಂದರು. 2014ರಲ್ಲಿ ಸ್ಟೇಜ್‌ಕೋಚ್ ಮತ್ತು ವರ್ಜಿನ್ ಕಂಪನಿಗಳ ಜೋಡಿ 330 ಕೋಟಿ ಕೂಗಿ ಗೆದ್ದಿತು. 2018ರಲ್ಲಿ ರೈಲು ಮತ್ತೆ ಸರ್ಕಾರದ ಮಡಿಲಿಗೆ. ಪೇಂಟ್ ಅಂಗಡಿಯವನೊಬ್ಬ ಉದ್ಧಾರ ಆಗಿರಬೇಕು.

ಲಂಡನ್‌ನಿಂದ ಗ್ಲಾಸ್ಗೋಗೆ ಹೋಗುವ ವೆಸ್ಟ್ ಕೋಸ್ಟ್ ಮಾರ್ಗದ ಕಥೆ ಇನ್ನೂ ಮಜಾ. 2012ರ ಆಗಸ್ಟ್‌ನಲ್ಲಿ ಆ ಮಾರ್ಗ ಸುಮಾರು 550 ಕೋಟಿ ಪೌಂಡ್ ಕೂಗಿದ ಫಸ್ಟ್‌ಗ್ರೂಪ್ ಪಾಲಾಯಿತು. 1997ರಿಂದ ಓಡಿಸುತ್ತಿದ್ದ ವರ್ಜಿನ್ನಿನ ರಿಚರ್ಡ್ ಬ್ರಾನ್ಸನ್ ಇದು ಹುಚ್ಚುತನ ಅಂತ ಕೂಗಾಡಿ ಕೋರ್ಟಿಗೆ ಹೋದರು. ಲೆಕ್ಕ ಎಲ್ಲ ಸರಿಯಾಗಿದೆ ಅಂತ ಸಾರಿಗೆ ಇಲಾಖೆ ಎದೆ ತಟ್ಟಿಕೊಂಡಿತು. ಅಕ್ಟೋಬರ್ 3ರಂದು ಅದೇ ಇಲಾಖೆ ಟೆಂಡರನ್ನೇ ರದ್ದು ಮಾಡಿತು. ಆಗಿದ್ದೇನು ಗೊತ್ತಾ? ಗೆದ್ದವರು ಅರ್ಧ ದಾರಿಯಲ್ಲಿ ಓಡಿಹೋಗದ ಹಾಗೆ ಎಷ್ಟು ದುಡ್ಡಿನ ಆಸರೆ ಕೇಳಬೇಕು ಅಂತ ಅಧಿಕಾರಿಗಳು ಲೆಕ್ಕ ಹಾಕಿದ್ದರು. ಹಣದುಬ್ಬರ ಸೇರಿಸಿದ ಅಂಕಿಯನ್ನೂ ಸೇರಿಸದ ಅಂಕಿಯನ್ನೂ ಒಂದೇ ಅಂದುಕೊಂಡಿದ್ದರು. ಗುಡ್ಡೆ ಗುಡ್ಡೆ ಕಡತ, ಕೊನೆಗೆ ಕೂಡಿ ಕಳೆಯೋದೇ ತಪ್ಪು! ಟೆಂಡರ್ ಹಾಕಿದವರ ಖರ್ಚನ್ನೆಲ್ಲ ವಾಪಸ್ ಕೊಟ್ಟರು. ತೆರಿಗೆದಾರರಿಗೆ ಕಡಿಮೆ ಅಂದರೂ 5 ಕೋಟಿ ಪೌಂಡ್ ಬರೆ. ಮಾರ್ಗ? ಸೋತ ವರ್ಜಿನ್ನೇ ಇನ್ನೂ ಏಳು ವರ್ಷ ಓಡಿಸಿತು. 2019ರಲ್ಲಿ ವರ್ಜಿನ್ ಇದ್ದ ಗುಂಪನ್ನು ಪಿಂಚಣಿ ಷರತ್ತಿಗೆ ಒಪ್ಪಲಿಲ್ಲ ಅಂತ ಆಟದಿಂದಲೇ ಹೊರಗೆ ಹಾಕಿದರು. ಆಗ ಗೆದ್ದದ್ದು ಯಾರು? ಇಟಲಿಯವರ ಜೊತೆ ಸೇರಿ ಬಂದ ಅದೇ ಫಸ್ಟ್‌ಗ್ರೂಪ್.

ಹೌದು, ಇಟಲಿ. ಆ ಜೊತೆಗಾರ ಟ್ರೆನಿಟಾಲಿಯಾ ಇಟಲಿಯ ಸರ್ಕಾರಿ ರೈಲು. ಡಚ್ ಸರ್ಕಾರದ ರೈಲು ಅಬೆಲಿಯೋ ಅನ್ನೋ ಹೆಸರಲ್ಲಿ ಬಂತು. ಜರ್ಮನ್ ಸರ್ಕಾರದ ರೈಲು 2010ರಲ್ಲಿ ಅರೈವಾ ಕಂಪನಿಯನ್ನೇ ಕೊಂಡುಕೊಂಡಿತು. ಸರ್ಕಾರಕ್ಕೆ ರೈಲು ಓಡಿಸಲು ಬರಲ್ಲ ಅಂತ ಶುರುವಾದ ಆಟ ಇದು. ಆದರೆ 1993ರ ಕಾನೂನು ಕೂಗದಂತೆ ತಡೆದದ್ದು ಬ್ರಿಟನ್ನಿನ ಸರ್ಕಾರಿ ಸಂಸ್ಥೆಗಳನ್ನು ಮಾತ್ರ. ಲೀಡ್ಸ್‌ನಲ್ಲಿ ರೈಲು ಹತ್ತಿದವನ ದುಡ್ಡಿನಲ್ಲಿ ಲಾಭ ಉಳಿದರೆ ಬರ್ಲಿನ್ನಿಗೆ ಹೋಗಬಹುದಿತ್ತು, ಲಂಡನ್ನಿಗೆ ಹೋಗಕೂಡದಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ನಾವೇನೂ ಸುಮ್ನೆ ನಗೋ ಹಾಗಿಲ್ಲ. 2020ರಲ್ಲಿ ನಮ್ಮ ರೈಲ್ವೆ 109 ಮಾರ್ಗಗಳಲ್ಲಿ 151 ಖಾಸಗಿ ರೈಲು ಓಡಿಸೋಕೆ ಕರೆ ಕೊಟ್ಟಿತ್ತು. ಬೆಂಗಳೂರಿನ ಮಾರ್ಗಗಳೂ ಪಟ್ಟಿಯಲ್ಲಿದ್ದವು. ಮರುವರ್ಷ ಟೆಂಡರ್ ತೆರೆದರೆ ಒಳಗೆ ಎರಡೇ ಕಂಪನಿ. ಅದರಲ್ಲೊಂದು ರೈಲ್ವೆಯದೇ ಐಆರ್‌ಸಿಟಿಸಿ!

ಮತ್ತೆ ಬ್ರಿಟನ್ನಿಗೆ ಬನ್ನಿ. ಇಷ್ಟು ಪಾಲಾದ ಮನೆಯಲ್ಲಿ ರೈಲು ತಡವಾದರೆ ಯಾರ ತಪ್ಪು? ಅದನ್ನು ತೀರ್ಮಾನಿಸೋಕೇ ಸುಮಾರು 400 ಜನ ಪೂರ್ತಿ ಸಂಬಳದ ಮೇಲಿದ್ದಾರೆ ಅಂತ 2021ರಲ್ಲಿ ಬ್ರಿಟನ್ ಸರ್ಕಾರದ ವರದಿಯೇ ಹೇಳಿತು. ರೈಲಿಗೆ ಸಣ್ಣ ಹಕ್ಕಿ ಬಡಿದರೆ ತಪ್ಪು ರೈಲು ಕಂಪನಿಯದು. ದೊಡ್ಡ ಹಕ್ಕಿ ಬಡಿದರೆ ಹಳಿ ನೋಡಿಕೊಳ್ಳುವ ನೆಟ್‌ವರ್ಕ್ ರೈಲಿನದು. ಹಾಗಾದರೆ ಫೆಸೆಂಟ್, ಅಂದರೆ ಉದ್ದ ಬಾಲದ ಕಾಡುಕೋಳಿಯಂಥದ್ದು, ಸಣ್ಣದೋ ದೊಡ್ಡದೋ? ಇದರ ಮೇಲೂ ವಾದ ನಡೆದಿದೆಯಂತೆ. ಕೋಟು ಹಾಕಿದ ಇಬ್ಬರು ಮೇಜಿನ ಆಚೀಚೆ ಕೂತು ಸತ್ತ ಕೋಳಿಯ ಅಳತೆ ಮಾತಾಡುತ್ತಿದ್ದಾರೆ. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಜನ ಮಳೆಯಲ್ಲಿ ನಿಂತಿದ್ದಾರೆ.

ಕೋವಿಡ್ ಬಂದು ಬೋಗಿಗಳು ಖಾಲಿಯಾದಾಗ ಕೂಗಿದ ಅಂಕಿಗಳೆಲ್ಲ ಗಾಳಿಗೆ ಹೋದವು. 2020ರಲ್ಲಿ ಸರ್ಕಾರ ಫ್ರಾಂಚೈಸಿ ಪದ್ಧತಿಗೇ ಎಳ್ಳುನೀರು ಬಿಟ್ಟಿತು. 2024ರಲ್ಲಿ ಹೊಸ ಕಾನೂನು ಬಂತು, ಗುತ್ತಿಗೆ ಮುಗಿದ ಹಾಗೆ ಒಂದೊಂದೇ ಕಂಪನಿ ಸರ್ಕಾರಕ್ಕೆ ವಾಪಸ್. ಮೊದಲನೆಯದು ಸೌತ್ ವೆಸ್ಟರ್ನ್ ರೈಲ್ವೆ, 2025ರ ಮೇ 25, ಭಾನುವಾರ. ವೋಕಿಂಗ್‌ನಿಂದ ಲಂಡನ್ನಿನ ವಾಟರ್ಲೂಗೆ ಬೆಳಿಗ್ಗೆ 5:36ರ ರೈಲನ್ನು ಹೊಸ ಯುಗದ ಮೊದಲ ರೈಲು ಅಂತ ಪೇಪರಿನವರು ಕಾದು ಕೂತಿದ್ದರು. ಅವತ್ತು ಹಳಿ ರಿಪೇರಿ ಇತ್ತು. ಹೊಸ ಯುಗದ ಪ್ರಯಾಣಿಕರು ಒಂದಿಷ್ಟು ದೂರ ಬಸ್ಸಿನಲ್ಲಿ ಹೋದರು.